ಮೊದಲ ಕಾಲು ಗಂಟೆ

ಮಳೆಯ ಮೊದಲ ಹನಿ ಬಿದ್ದಾಗ ದೆಹಲಿಯ ಜನ ಮುಖ ಮೇಲೆತ್ತುತ್ತಾರೆ. ಅವರು ಮಾತ್ರ ಎಡಗೈ ಎತ್ತಿ ಗಡಿಯಾರ ನೋಡುತ್ತಿದ್ದರು. ಮಾತಿನ ನಡುವೆ ಇದ್ದರೂ ಸರಿ, ಬಾಯಲ್ಲಿ ತುತ್ತಿದ್ದರೂ ಸರಿ. ಗಂಟೆ, ನಿಮಿಷ ಎರಡನ್ನೂ ಗಟ್ಟಿಯಾಗಿ ಹೇಳಿ, ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಮಾತು ಮುಂದುವರಿಸುತ್ತಿದ್ದರು. ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ.

ನಾವೆಲ್ಲ ಅವರನ್ನು ಸುಬೇದಾರ್ ಸಾಬ್ ಎನ್ನುತ್ತಿದ್ದೆವು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ ಎಂದುಕೊಂಡರೂ ನಡೆದೀತು.

ಸೋಮವಾರಪೇಟೆ ಕಡೆಯವರು. ಸೈನ್ಯದಲ್ಲಿ ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ ತಿರುಗುತ್ತ ನೀರು, ಚರಂಡಿಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದವರು. ಘಾಜಿಯಾಬಾದಿನಲ್ಲಿ ಒಂದು ಫ್ಲ್ಯಾಟು ಕೊಂಡು, ಹೆಂಡತಿಯ ಜೊತೆ ಇದ್ದರು. ದಿನಾ ಮೆಟ್ರೊ ಹಿಡಿದು ಹೌಜ್ ಖಾಸ್ ಬಳಿಯ ನಮ್ಮ ಪುಟ್ಟ ಕಚೇರಿಗೆ ಬರುತ್ತಿದ್ದರು. ಕಾಲೊನಿಗಳಲ್ಲಿ ಮಳೆನೀರನ್ನು ನೆಲಕ್ಕೆ ಇಂಗಿಸುವ ವ್ಯವಸ್ಥೆ ಮಾಡಿಕೊಡುವುದು ನಮ್ಮ ಕಚೇರಿಯ ಕೆಲಸ. ನೀರು ಹಿಡಿದು ಪರೀಕ್ಷೆಗೆ ಕಳಿಸುವ ನಾಲ್ಕೈದು ಜನಕ್ಕೆ ಅವರು ಮೇಲಿನವರು. ಆ ನಾಲ್ಕೈದು ಜನರಲ್ಲಿ ನಾನೂ ಒಬ್ಬಳು.

ನಾನು ಚಿತ್ರದುರ್ಗದವಳು. ನನ್ನ ಖಾಲಾಗೆ, ಎಂದರೆ ಚಿಕ್ಕಮ್ಮನಿಗೆ, ಕೇಂದ್ರ ಸರ್ಕಾರದ ನೌಕರಿ, ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸ್. ಅಲ್ಲೇ ನನಗೂ ಒಂದು ಮಂಚ ಸಿಕ್ಕಿತ್ತು. ಕೆಲಸಕ್ಕೆ ಸೇರಿದ ವಾರವೇ ಕಚೇರಿಯ ಮೆಟ್ಟಿಲ ಮೇಲೆ ನಿಂತು ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಜಗಳ ಕಾಯುತ್ತಿದ್ದೆ. ಅವರು ಮುಗಿಯುವ ತನಕ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದು, ಆಮೇಲೆ ಕೇಳಿದರು.

"ಯಾವೂರಮ್ಮ?"

"ದುರ್ಗ, ಸಾಬ್."

"ಹಾಗಾದ್ರೆ ನೀರಿನ ಬೆಲೆ ಗೊತ್ತಿರುತ್ತೆ. ನಾಳೆಯಿಂದ ನನ್ನ ಜೊತೆ ಬಾ."

ಅಂದಿನಿಂದ ನಾನು 'ನಮ್ಮ ಹುಡುಗಿ' ಆದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರ ಚೀಲದಿಂದ ಕಾಚಂಪುಳಿಯ ಸಣ್ಣ ಸೀಸೆ ಹೊರಬರುತ್ತಿತ್ತು. ಕ್ಯಾಂಟೀನಿನ ಸಪ್ಪೆ ದಾಲಿಗೆ ಆ ಕಪ್ಪು ಹುಳಿ ಎರಡು ಹನಿ ಬಿಟ್ಟುಕೊಳ್ಳುವರು, ಆಮೇಲೆ ಕೇಳದೆಯೇ ನನ್ನ ತಟ್ಟೆಗೂ ಎರಡು ಹನಿ. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. "ಅವರಿಗೆ ಇದು ಔಷಧಿ ಅನ್ಸುತ್ತೆ, ನಮಗೆ ಊಟ" ಎನ್ನುವರು.

ಅವರು ಕಲಿಸಿದ ಮೊದಲ ಪಾಠ ಬಸ್ ನಿಲ್ದಾಣದಲ್ಲಿ. ರಸ್ತೆಯ ಅಂಚಿನ ಕಲ್ಲನ್ನು ತೋರುಬೆರಳಿಂದ ಒರೆಸಿ, ಕಪ್ಪಾದ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ನಾನು ಮುಖ ಹಿಂದೆ ತೆಗೆದೆ.

"ಏನು ವಾಸನೆ?"

"ಕೊಳೆ, ಸಾಬ್."

"ಕೊಳೆ ಅಂತ ಒಂದು ಸಾಮಾನಿಲ್ಲಮ್ಮ. ಇದರಲ್ಲಿ ಟೈರ್ ಸವೆದ ರಬ್ಬರಿದೆ, ಬ್ರೇಕಿನ ಪುಡಿ ಇದೆ, ಎಂಜಿನ್ನಿಂದ ಸೋರಿದ ಎಣ್ಣೆ ಇದೆ. ಸತು, ಸೀಸ ಎಲ್ಲ ಇದೆ. ಒಂಬತ್ತು ತಿಂಗಳು ಇಲ್ಲೇ ಕೂತಿರುತ್ತೆ. ಮಳೆ ಬಂದ ಕೂಡಲೇ ಎದ್ದು ಹೊರಡುತ್ತೆ. ಎಲ್ಲಿಗೆ?"

"ಚರಂಡಿಗೆ."

"ಅಲ್ಲಿಂದ?"

"ನಾಲಾಗೆ. ಆಮೇಲೆ ಯಮುನೆಗೆ."

"ನಾವು ಗುಂಡಿ ತೋಡಿಕೊಟ್ಟರೆ ನೇರ ನೆಲದೊಳಕ್ಕೆ. ಯಮುನೆಯಾದ್ರೂ ಕಣ್ಣಿಗೆ ಕಾಣುತ್ತೆ. ನೆಲದೊಳಗೆ ಹೋದದ್ದನ್ನ ಯಾರು ನೋಡ್ತಾರೆ?"

ಮೊದಲ ಕಾಲು ಗಂಟೆಯ ನೀರು ಮಳೆಯದಲ್ಲ, ನಮ್ಮದು ಎನ್ನುವುದು ಅವರ ಮಾತು. ರಸ್ತೆಯ ಹೊಲಸನ್ನೆಲ್ಲ ಅದೇ ಹೊತ್ತು ತರುತ್ತದೆ. ಅದನ್ನು ಬೇರೆ ಕಡೆ ತಿರುಗಿಸಿ, ತೊಟ್ಟಿಯಲ್ಲಿ ನಿಲ್ಲಿಸಿ, ಕೆಸರು ಕೂರಿಸಿ, ಮೇಲೆ ತೇಲುವ ಎಣ್ಣೆ ತೆಗೆಯಬೇಕು. ಆಮೇಲೆ ಬರುವ ನೀರನ್ನಷ್ಟೇ ಇಂಗುಗುಂಡಿಗೆ ಬಿಡಬೇಕು. ಅದಕ್ಕೇ ನಮ್ಮ ಬಾಟಲಿಗಳು ಮೂರು. ಮಳೆ ಹಿಡಿದ ಐದನೆಯ ನಿಮಿಷಕ್ಕೊಂದು, ಹದಿನೈದನೆಯದಕ್ಕೊಂದು, ಮುಕ್ಕಾಲು ಗಂಟೆಗೊಂದು. ಮೊದಲನೆಯದು ಕಪ್ಪು, ಎರಡನೆಯದು ಕಂದು, ಮೂರನೆಯದು ಹೆಚ್ಚುಕಡಿಮೆ ತಿಳಿ. ಮೂರನ್ನೂ ಕಿಟಕಿಯಲ್ಲಿ ಸಾಲಾಗಿಟ್ಟು ಅವರು ನೋಡುತ್ತ ನಿಲ್ಲುತ್ತಿದ್ದರು. ಅಷ್ಟು ಖುಷಿ ಅವರ ಮುಖದಲ್ಲಿ ಬೇರೆ ಹೊತ್ತಿನಲ್ಲಿ ನಾನು ಕಂಡಿಲ್ಲ.

ಸಿಟ್ಟೂ ಇತ್ತು. ಮಳೆಗಾಲದ ಮುಂಚೆ ನಾಲಾದ ಹೂಳು ತೆಗೆದು ಅದರ ಅಂಚಿನಲ್ಲೇ ಗುಡ್ಡೆ ಹಾಕಿದ್ದನ್ನು ಕಂಡರೆ ಆಟೊ ನಿಲ್ಲಿಸಿ ಇಳಿದುಬಿಡುತ್ತಿದ್ದರು. "ತೆಗೆಯೋದು ಯಾಕೆ, ಮಳೆ ಬಂದು ಮತ್ತೆ ಒಳಗೆ ತಳ್ಳೋದಕ್ಕಾ?" ಎಂದು ಅಲ್ಲಿದ್ದ ಕೆಲಸಗಾರರನ್ನು ಮಿಲಿಟರಿ ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡು, ತಪ್ಪು ಅವರದಲ್ಲ ಎಂದು ತಕ್ಷಣ ನೆನಪಾಗಿ, ಚಹಾ ಕುಡಿಸಿ ಬರುತ್ತಿದ್ದರು. ರಸ್ತೆಬದಿಯ ಹುಲ್ಲನ್ನು ಕಿತ್ತು ಸಿಮೆಂಟು ಹಾಕುವವರನ್ನಂತೂ ಅವರು ಕ್ಷಮಿಸಿದ್ದೇ ಇಲ್ಲ. ಪುಕ್ಕಟೆ ಜರಡಿಯನ್ನು ಕಿತ್ತು ಬಿಸಾಡುವ ಮೂರ್ಖರು ಎಂದು ಗೊಣಗುತ್ತಿದ್ದರು.

ಇಷ್ಟೆಲ್ಲ ಬರೆಯುತ್ತಿರುವುದು ಅವರ ಗುಣಗಾನಕ್ಕಲ್ಲ. ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ಅದಕ್ಕೇ ಸುತ್ತಿ ಬಳಸಿ ಬರುತ್ತಿದ್ದೇನೆ. ಇರಲಿ, ಬರೆಯುತ್ತೇನೆ.

ದಕ್ಷಿಣ ದೆಹಲಿಯ ಒಂದು ಕಾಲೊನಿಯ ಕೆಲಸ ನಮಗೆ ಬಂತು. ಸಾಬ್ ಹಾಕಿದ ನಕ್ಷೆಯಲ್ಲಿ ಇಂಗುಗುಂಡಿಗಳ ಮುಂದೆ ಕೆಸರು ಕೂರುವ ತೊಟ್ಟಿ ಇತ್ತು. ಅದು ನಾಲ್ಕು ಕಾರು ನಿಲ್ಲುವ ಜಾಗ ನುಂಗುತ್ತಿತ್ತು. ಕಾಲೊನಿಯ ಸಂಘದವರಿಗೆ ಜೀವ ಕೊಡು ಎಂದರೂ ಕೊಟ್ಟಾರು, ಪಾರ್ಕಿಂಗ್ ಕೊಡುವವರಲ್ಲ. ನಮ್ಮ ಮಾಲೀಕರೂ ಅವರ ಪರ. "ಸಾಬ್, ನಿಮ್ಮದು ಹಳೇ ಕಾಲದ ಲೆಕ್ಕ. ಈಗ ರಸ್ತೆ ಗುಡಿಸೋ ಯಂತ್ರ ಬಂದಿದೆ, ಗಾಡಿಗಳೂ ಸುಧಾರಿಸಿವೆ" ಎಂದು ಹಿಂದಿಯಲ್ಲಿ ನಯವಾಗಿ ಹೇಳಿದರು.

ಸಾಬ್ ಸಿಟ್ಟಾಗಲಿಲ್ಲ. "ನೀವು ಹೇಳೋದೂ ಬೇಡ, ನಾನು ಹೇಳೋದೂ ಬೇಡ. ಅದೇ ಕಾಲೊನಿಯಲ್ಲಿ ಈ ಸಲದ ಮೊದಲ ಮಳೆ ಹಿಡಿಯೋಣ. ನೀರು ಚೆನ್ನಾಗಿದ್ರೆ ನನ್ನ ಕೈಯಿಂದಲೇ ತೊಟ್ಟಿಗೆ ಅಡ್ಡಗೆರೆ ಎಳೀತೀನಿ" ಎಂದರು. ಎಲ್ಲರ ಮುಂದೆ ಆಡಿದ ಮಾತು ಅದು.

ಆ ಜೂನಿನಲ್ಲೇ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಧೂಳು, ನೀರು ಎರಡೂ ಸೋಕಬಾರದು. ಬಾಟಲಿಗಳ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಬೇರೆಯವರೂ ಇದ್ದಾರೆ. ಆದ್ರೆ ನೀನು ಹೋದ್ರೆ ನಾನೇ ಹೋದ ಹಾಗೆ" ಎಂದರು.

ನಾಲ್ಕು ದಿನ ಆ ಕಾಲೊನಿಯ ಗೇಟಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಮೋಡ ಕವಿಯುವುದು, ಧೂಳಿನ ಗಾಳಿ ಎದ್ದು ಕಣ್ಣು ಬಾಯಿ ತುಂಬುವುದು, ಮತ್ತೆ ಬಿಸಿಲು. ಗೇಟಿನ ಗಾರ್ಡ್, "ಮೇಡಂ, ಬಾರಿಶ್ ಕೋ ಕಾರ್ಡ್ ಭೇಜಾ ಥಾ ಕ್ಯಾ?" ಎಂದು ಚುಡಾಯಿಸಿದ. ಮಳೆಗೆ ಆಮಂತ್ರಣ ಕೊಟ್ಟಿದ್ದೀರಾ ಎಂದು. ಐದನೆಯ ದಿನ ಮಧ್ಯಾಹ್ನ ಗೆಳತಿಯೊಬ್ಬಳು ಹೌಜ್ ಖಾಸಿಗೆ ಕರೆದಳು. ಆಟೊದಲ್ಲಿ ಕಾಲು ಗಂಟೆಯ ದಾರಿ. ಪೆಟ್ಟಿಗೆ ಜೊತೆಗೇ ಇದೆ, ಮೋಡ ಕಂಡರೆ ಎದ್ದು ಬಂದರಾಯಿತು ಎಂದು ಹೊರಟೆ.

ಮೋಮೊ ತಟ್ಟೆ ಆಗಷ್ಟೇ ಬಂದಿತ್ತು, ಹನಿ ಬಿತ್ತು. ನಾನು ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತು. ಅಷ್ಟನ್ನು ಅವರು ನನಗೆ ಚೆನ್ನಾಗಿಯೇ ಕಲಿಸಿದ್ದರು. ಆಮೇಲೆ ಏನು ಮಾಡಿದೆ? ಐದು ನಿಮಿಷ ಎಂದುಕೊಂಡೆ. ತಿಂಗಳುಗಟ್ಟಲೆ ಬೆಂದ ನೆಲದ ಘಮ, ಎಲ್ಲರೂ ಅಂಗಡಿಗಳಿಂದ ಹೊರಗೆ ಬಂದು ನೆನೆಯುತ್ತಿದ್ದಾರೆ, ಗೆಳತಿ ಫೋಟೊ ತೆಗೆಯುತ್ತಿದ್ದಾಳೆ. ನಾನೂ ನಕ್ಕುಕೊಂಡು ನಿಂತೆ. ಆಟೊ ಹತ್ತಿದ್ದು ಇಪ್ಪತ್ತು ನಿಮಿಷ ಕಳೆದ ಮೇಲೆ. ಮಳೆಗೆ ಹೆದರಿದ ಬೈಕಿನವರೆಲ್ಲ ಮೇಲ್ಸೇತುವೆಯ ಕೆಳಗೆ ನಿಂತು ದಾರಿ ಕಟ್ಟಿತ್ತು. ಅಲ್ಲಿ ಆಟೊ ಅಲ್ಲಾಡಲಿಲ್ಲ.

ಆಗ ಅವರ ಫೋನು ಬಂತು.

"ಬಂತಾ ಅಲ್ಲಿ? ಇಲ್ಲೂ ಶುರುವಾಯ್ತು."

"ಬಂತು ಸಾಬ್."

"ಅಲ್ಲೇ ಇದ್ದೀಯ?"

"ಇದ್ದೀನಿ ಸಾಬ್."

"ಮೊದಲ ಬಾಟಲಿ ಬಣ್ಣ ಹೇಗಿದೆ?"

ನನ್ನ ತೊಡೆಯ ಮೇಲಿನ ಪೆಟ್ಟಿಗೆಯಲ್ಲಿ ಮೂರೂ ಬಾಟಲಿ ಖಾಲಿ ಇದ್ದವು. "ಸ್ವಲ್ಪ ಮಬ್ಬು, ಸಾಬ್" ಎಂದೆ.

"ಮಬ್ಬಾ? ಕಪ್ಪಿಲ್ವಾ?"

"ಇಲ್ಲ ಸಾಬ್."

"ಸರಿ, ಮುಚ್ಚಳ ಬಿಗಿ ಮಾಡು" ಎಂದು ಫೋನ್ ಇಟ್ಟರು.

ಕಾಲೊನಿ ತಲುಪಿದಾಗ ಐದೂಕಾಲು. ರಸ್ತೆ ತೊಳೆದಿಟ್ಟ ಹಾಗಿತ್ತು. ಚರಂಡಿಯ ಬಾಯಲ್ಲಿ ತಿಳಿನೀರು ಹರಿಯುತ್ತಿತ್ತು. ಮೂರು ಬಾಟಲಿಗಳನ್ನೂ ಒಂದರ ಹಿಂದೊಂದು ಅದೇ ನೀರಿಂದ ತುಂಬಿ, ಚೀಟಿಗಳ ಮೇಲೆ ನಾಲ್ಕು ಇಪ್ಪತ್ತೈದು, ನಾಲ್ಕು ಮೂವತ್ತೈದು, ಐದು ಐದು ಎಂದು ಬರೆದು ಅಂಟಿಸಿದೆ. ಪಕ್ಕದಲ್ಲಿ ಕೆಸರಿತ್ತು. ಮೊದಲ ಬಾಟಲಿಗೆ ಒಂದು ಹಿಡಿ ಹಾಕಿಬಿಡಲೇ ಎಂಬ ಯೋಚನೆ ಬಂತು. ಹಾಕಲಿಲ್ಲ, ಅದು ಮೋಸವಾಗುತ್ತದೆ ಎಂದುಕೊಂಡೆ. ನನ್ನ ಪ್ರಾಮಾಣಿಕತೆಗೆ ಬೆಂಕಿ ಹಾಕ. ಆ ಒಂದು ಹಿಡಿ ಕೆಸರು ಬಿದ್ದಿದ್ದರೆ ನನ್ನ ಸುಳ್ಳು ಕೊನೆಗೆ ನಿಜದ ಹತ್ತಿರವಾದರೂ ಇರುತ್ತಿತ್ತು.

ವರದಿ ಬಂದ ದಿನ ಅವರು ಕಪ್ಪು ಕನ್ನಡಕ ಹಾಕಿಕೊಂಡೇ ಕಚೇರಿಗೆ ಬಂದರು. ಕಾಗದವನ್ನು ಮೂಗಿನ ತನಕ ತಂದು ಎರಡು ಸಲ ಓದಿದರು.

"ಮೂರೂ ಒಂದೇ ತರ ಇದೆಯಲ್ಲಮ್ಮ. ಎಣ್ಣೆ ಇಲ್ಲವೇ ಇಲ್ಲ."

ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದೆ.

"ನೀನು ಅಲ್ಲೇ ಇದ್ದೆ ತಾನೇ?"

"ಇದ್ದೆ ಸಾಬ್."

ಗೇಟಿನ ಗಾರ್ಡನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರು ಕೇಳಲಿಲ್ಲ. ನನ್ನ ಮಾತಿನ ಮೇಲೆ ಇನ್ನೊಬ್ಬರ ಸಾಕ್ಷಿ ಕೇಳುವುದು ನನಗೆ ಅವಮಾನ ಎಂದು ಅವರಿಗೆ ಅನಿಸಿರಬೇಕು. ಸಭೆಯಲ್ಲಿ ಪೆನ್ನು ತೆಗೆದು, ಸ್ಕೇಲು ಕೇಳಿ ತರಿಸಿಕೊಂಡು, ತಮ್ಮದೇ ನಕ್ಷೆಯ ತೊಟ್ಟಿಗೆ ಅಡ್ಡಗೆರೆ ಎಳೆದರು. ಸಂಘದವರು ಸಮೋಸ ತರಿಸಿದರು.

ಆ ಮಳೆಗಾಲದಲ್ಲಿ ಅವರು ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಕಣ್ಣಿನ ನೆಪ ಹೇಳುತ್ತಿದ್ದರು. ಹಳೆಯ ಜೇಬಿನ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಹರಡಿಕೊಂಡು, "ನಾನು ನೀರು ಹಿಡಿದ ಊರುಗಳಲ್ಲೆಲ್ಲ ಏನೋ ಬೇರೆ ಕಾರಣ ಇದ್ದಿರಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಒಂದು ದಿನ ಮಾತಿನ ನಡುವೆ ಹನಿ ಬಿತ್ತು. ಎಡಗೈ ಅರ್ಧಕ್ಕೆ ಎದ್ದು, ನಿಂತು, ಕೆಳಗಿಳಿಯಿತು. ನಾನು ಎದ್ದು ನೀರು ಕುಡಿಯಲು ಹೋದೆ.

ಅಕ್ಟೋಬರಿನಲ್ಲಿ ಕೆಲಸ ಬಿಟ್ಟರು. ಬೀಳ್ಕೊಡುಗೆಯಲ್ಲಿ ಎರಡೇ ಮಾತು. "ಕಣ್ಣು ಸರಿಹೋಯ್ತು, ಲೆಕ್ಕ ಕೆಟ್ಟುಹೋಯ್ತು" ಎಂದು ಹಿಂದಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ನಮ್ಮ ನಾಲ್ಕೈದು ಜನರ ಕಡೆ ತಿರುಗಿದರು. "ಇಷ್ಟು ವರ್ಷ ಈ ಮಕ್ಕಳನ್ನ ಸುಮ್ಮನೆ ಮಳೆಯಲ್ಲಿ ನೆನೆಸಿದೆ. ತಪ್ಪಾಯ್ತು" ಎಂದು ಕೈ ಮುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಎರಡು ಕೈಗಳಿಂದಲೇ.

ಮೆಟ್ರೊ ತನಕ ಅವರ ಚೀಲ ಹಿಡಿದುಕೊಂಡು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಅವರು ನನ್ನ ಮುಖ ನೋಡಿ, "ಏನಮ್ಮ, ಏನೋ ಹೇಳಬೇಕು ಅಂತಿದ್ದೀಯ?" ಎಂದು ಕೇಳಿದರು.

"ಇಲ್ಲ ಸಾಬ್. ಹುಷಾರಾಗಿ ಹೋಗಿ."

ಬಾಗಿಲು ಮುಚ್ಚಿತು. ಒಳಗಿಂದ ಅವರು ಕೈ ಬೀಸಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಗಲೇ.

ಜನವರಿಯಲ್ಲಿ ತೀರಿಕೊಂಡರು. ಎದೆಯ ಸೋಂಕು, ಹತ್ತು ದಿನ ಆಸ್ಪತ್ರೆ. ಕಚೇರಿಯವರೆಲ್ಲ ಘಾಜಿಯಾಬಾದಿಗೆ ಹೋದರು. ನಾನು ಜ್ವರ ಎಂದು ಹೇಳಿ ಕಂಬಳಿ ಹೊದ್ದು ಮಲಗಿದೆ. ಖಾಲಾ ಹಣೆ ಮುಟ್ಟಿ ನೋಡಿ, ಏನೂ ಇಲ್ಲವಲ್ಲ ಎಂದರು.

ಆಗಸ್ಟಿನಲ್ಲಿ ಆ ಕಾಲೊನಿಯಿಂದ ದೂರು ಬಂತು. ತೊಟ್ಟಿಯಿಲ್ಲದ ಇಂಗುಗುಂಡಿಗಳು ಆ ಮಳೆಗಾಲವಷ್ಟೇ ಕೆಲಸ ಶುರುಮಾಡಿದ್ದವು. ಹಿಂಭಾಗದಲ್ಲಿ ಮಾಲಿಗಳು, ಮನೆಗೆಲಸದವರು ಇರುವ ಸಾಲುಮನೆಗಳಿವೆ. ಅವರಿಗೆಲ್ಲ ಒಂದೇ ಕೈಪಂಪು, ಅದರ ನೀರಿನ ಬಗ್ಗೆಯೇ ದೂರು. ನೋಡಲು ಹೋದಾಗ ಮಾಲಿಯ ಹೆಂಡತಿ ಪಂಪು ಒತ್ತಿ ನನ್ನ ಬೊಗಸೆಗೆ ನೀರು ಬಿಟ್ಟಳು. "ಸೂಂಘೋ ಬೇಟಾ" ಎಂದಳು. ಮೂಸಿ ನೋಡಿದೆ. ಸಾಬ್ ಬಸ್ ನಿಲ್ದಾಣದಲ್ಲಿ ಬೆರಳು ಹಿಡಿದು ತೋರಿಸಿದ ಅದೇ ವಾಸನೆ. ಎರಡು ವಾರದಿಂದ ಅವಳ ಮಕ್ಕಳು ಅದನ್ನೇ ಕುಡಿಯುತ್ತಿದ್ದರು. ಪಂಪಿಗೆ ಕೆಂಪು ಬಣ್ಣ ಬಳಿದು ಬೀಗ ಹಾಕಿಸಿದರು. ಆಮೇಲೆ ಆ ಹೆಂಗಸರು ಟ್ಯಾಂಕರಿಗೆ ಕೊಡ ಹಿಡಿದು ಸಾಲು ನಿಂತರು.

ಅಲ್ಲಾಹನಿಗೆ ತಪ್ಪಿ ನಡೆದರೆ ಅವನು ಕ್ಷಮಿಸಬಹುದು, ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಮಾತ್ರ ಆ ಮನುಷ್ಯನೇ ಮನ್ನಿಸಬೇಕು ಎಂದು ಅಮ್ಮಿ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಆ ಭಾನುವಾರ ಘಾಜಿಯಾಬಾದಿಗೆ ಹೋದೆ.

ಸಾಬ್ ಅವರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಕಾಫಿ ಕೊಟ್ಟು, ಎದುರು ಕೂತು, "ನಿನ್ನ ವಿಷಯ ತುಂಬಾ ಹೇಳ್ತಿದ್ರು" ಎಂದರು. ಇನ್ನು ತಡೆಯಲಾಗಲಿಲ್ಲ. ಮೋಮೊ ತಟ್ಟೆಯಿಂದ ಮೆಟ್ರೊ ಬಾಗಿಲಿನ ತನಕ ಎಲ್ಲ ಹೇಳಿದೆ. ಅವರು ತಡೆಯದೆ ಕೇಳಿದರು. ಎದ್ದು, ನಾನು ಇನ್ನೂ ಅರ್ಧ ಕುಡಿದಿದ್ದ ಕಾಫಿಲೋಟವನ್ನು ಒಳಗೆ ತೆಗೆದುಕೊಂಡು ಹೋದರು. ಬಂದಾಗ ಕೈಯಲ್ಲಿ ಜೇಬಿನ ಪುಸ್ತಕವಿತ್ತು.

ಮೊದಲ ಪುಟದಲ್ಲಿ ಅವರ ನಿಯಮ: ಮೊದಲ ಕಾಲು ಗಂಟೆಯ ನೀರನ್ನು ನಂಬಬೇಡ. ಅದರ ಮೇಲೆ ಸ್ಕೇಲಿಟ್ಟು ಎಳೆದ ಗೆರೆ. ಕೆಳಗೆ, ಕಾಲ ಬದಲಾಗಿದೆ, ನನಗೆ ಗೊತ್ತಾಗಲಿಲ್ಲ ಎಂದು ಬರೆದಿತ್ತು.

"ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಮಳೆ ಬಂತು" ಎಂದರು ಆಂಟಿ. "ನಾನು ಖುಷಿಯಿಂದ ಗಡಿಯಾರ ತಂದು ಕೈಗೆ ಕೊಟ್ಟೆ. ಟೈಮ್ ಬರ್ಕೊಳ್ಳಿ ಅಂದೆ. ಅವರು ಆ ಕಡೆ ತಿರುಗಿ ಮಲಗಿದ್ರು. ಕಿಟಕಿ ಹಾಕು ಅಂದ್ರು. ಮದುವೆಯಾದಾಗಿಂದ ಅವರು ಮಳೆಗೆ ಕಿಟಕಿ ಹಾಕು ಅಂದದ್ದು ನಾನು ಕೇಳಿರಲಿಲ್ಲ. ಯಾಕೆ ಅಂತ ನನಗೆ ಈಗ ಗೊತ್ತಾಯ್ತು."

"ಆಂಟಿ, ನಾನು..."

"ನೀನು ಅಳಬೇಡ. ನನ್ನ ಮುಂದೆ ಅಳಬೇಡ." ಪುಸ್ತಕ ಮುಚ್ಚಿ ಅವರೇ ಕೇಳಿದರು. "ಮತ್ತೆ ನೀರು ಹಿಡೀತೀರಾ ಅಲ್ಲಿ?"

"ಹಿಡೀಬೇಕು ಆಂಟಿ. ಮುಂದಿನ ವರ್ಷದ ಮೊದಲ ಮಳೆಗೆ."

"ಆಗ ಫೋನ್ ಮಾಡು."

ಮರುದಿನ ಸಂಘಕ್ಕೂ ಮಾಲೀಕರಿಗೂ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟೆ. ಮಾಲೀಕರು ಒಂದು ವಾರ ನನ್ನ ಮುಖ ನೋಡಲಿಲ್ಲ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಇನ್ನು ಮುಂದೆ ನಾನು ನೀರು ಹಿಡಿಯುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತು ಸಮಯಕ್ಕೆ ಸಹಿ ಹಾಕಬೇಕು ಎಂಬ ನಿಯಮವಾಯಿತು. ಈ ಜೂನಿನಲ್ಲಿ ನನಗೆ ಸಾಕ್ಷಿಯಾಗಿ ನಿಂತವನು ಅದೇ ಗೇಟಿನ ಗಾರ್ಡ್. ಹನ್ನೊಂದು ದಿನ ಕಾದೆ. ಈ ಸಲ ಅವನು ಚುಡಾಯಿಸಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹನಿ ಬಿತ್ತು. ಐದನೆಯ ನಿಮಿಷಕ್ಕೆ ಬಾಟಲಿಯನ್ನು ಚರಂಡಿಯ ಬಾಯಿಗೆ ಹಿಡಿದೆ. ತುಂಬಿತು. ಮುಚ್ಚಳ ಬಿಗಿ ಮಾಡಿ ಚೀಟಿ ಬರೆದೆ, ಗಾರ್ಡ್ ಸಹಿ ಹಾಕಿದ. ಮಳೆಯಲ್ಲೇ ನಿಂತು ಘಾಜಿಯಾಬಾದಿಗೆ ಫೋನ್ ಮಾಡಿದೆ.

"ಆಂಟಿ, ಬಂತು. ಅಲ್ಲೇ ಇದ್ದೀನಿ."

"ಬಣ್ಣ ಹೇಗಿದೆ?"

"ಕಪ್ಪು, ಆಂಟಿ. ಪೂರ್ತಿ ಕಪ್ಪು."

ಅಲ್ಲಿಯೂ ಮಳೆ ಬರುತ್ತಿರುವುದು ಕೇಳಿಸಿತು.

"ಇದನ್ನ ಅವರಿಗೆ ಹೇಳಬೇಕಿತ್ತಮ್ಮ ನೀನು" ಎಂದು ಹೇಳಿ ಫೋನ್ ಇಟ್ಟರು.